ಹಬ್ಬದ ಸ್ಟಾಕ್‌ಗೆ ಸಾಲ ಮಾಡಬಹುದಾ? ಕೊರೋನಾ ಕಾಲದಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸಿದವರು ಹೇಳಿ

ಪ್ರಶ್ನೆ, ಸಿದ್ದಾಪುರದಿಂದ:

ಎಲ್ಲರಿಗೂ ನಮಸ್ಕಾರ. ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಹಾರ್ಡ್‌ವೇರ್ ಅಂಗಡಿ ಹಾಕಬೇಕು ಅಂತಿದ್ದೇನೆ. ಮಳಿಗೆ ಸಿಕ್ಕಿದೆ, ಅಡ್ವಾನ್ಸ್ ಕೊಟ್ಟಾಗಿದೆ. ಕೈಲ್ ಮುಹೂರ್ತದಿಂದ (ಕೊಡವರ ಆಯುಧಪೂಜೆ ಹಬ್ಬ) ಕ್ರಿಸ್‌ಮಸ್‌ವರೆಗೆ ವ್ಯಾಪಾರ ಜೋರು, ಬ್ಯಾಂಕ್ ಸಾಲ ತೆಗೆದು ಪೇಂಟು, ಸೀರಿಯಲ್ ಲೈಟು, ಪೈಪು ಎಲ್ಲ ಒಟ್ಟಿಗೆ ತುಂಬಿಸು ಅಂತ ಸ್ನೇಹಿತರು ಹೇಳುತ್ತಾರೆ. ನಮ್ಮ ಮಾವ ಮಾತ್ರ ಒಪ್ಪುತ್ತಿಲ್ಲ. "ಕೊರೋನಾದಲ್ಲಿ ಹಬ್ಬದ ಹಿಂದಿನ ದಿನವೇ ಶಟರ್ ಎಳೆಸಿದ್ದರು, ಮರೆತೆಯಾ" ಅನ್ನುತ್ತಾರೆ. ನಾನು ಆಗ ಬೆಂಗಳೂರಿನಲ್ಲಿದ್ದೆ. ಇಲ್ಲಿ ಏನೇನಾಯಿತು ಅಂತ ಸರಿಯಾಗಿ ಗೊತ್ತಿಲ್ಲ. 2020ರಿಂದ 2022ರವರೆಗೆ ಅಂಗಡಿ ನಡೆಸಿದವರು ದಯವಿಟ್ಟು ಹೇಳಿ. ಯಾವ ಮಾಲು ಕೈಕೊಟ್ಟಿತು, ಯಾವುದು ಕಾಪಾಡಿತು?

ವಿರಾಜಪೇಟೆಯಿಂದ, ಪೇಂಟು ಮತ್ತು ಹಾರ್ಡ್‌ವೇರ್ ಅಂಗಡಿ:

ನಿಮ್ಮ ಮಾವ ಹೇಳಿದ್ದು ನಿಜ. 2020ರ ಮಾರ್ಚ್ 24ರ ರಾತ್ರಿ ಪ್ರಧಾನಿ ಟಿವಿಯಲ್ಲಿ ಬಂದು ಲಾಕ್‌ಡೌನ್ ಅಂದರು. ಮಾರನೇ ದಿನವೇ ಯುಗಾದಿ. ನನ್ನ ಗಿರಾಕಿಯೊಬ್ಬರು ಅರ್ಧ ಜಗಲಿಗೆ ಬಣ್ಣ ಬಳಿಸಿ, ಉಳಿದದ್ದಕ್ಕೆ ಇನ್ನೊಂದು ಬಕೆಟ್ ನಾಳೆ ಒಯ್ಯುತ್ತೇನೆ ಅಂದಿದ್ದರು. ಆ ಜಗಲಿ ಜೂನ್‌ವರೆಗೆ ಎರಡು ಬಣ್ಣದಲ್ಲೇ ಇತ್ತು.

ಆಗ ದಿನಸಿ, ಹಾಲು, ಔಷಧಿಗೆ ಮಾತ್ರ ಅವಕಾಶ. ನಮ್ಮದು ಆ ಪಟ್ಟಿಯಲ್ಲಿ ಇಲ್ಲ. ಏಪ್ರಿಲ್ 20ರಿಂದ ಪ್ಲಂಬರ್, ಎಲೆಕ್ಟ್ರಿಷಿಯನ್ ಕೆಲಸ ಮಾಡಬಹುದು ಅಂತ ಕೇಂದ್ರದ ಆದೇಶ ಬಂತು. ಸರಿ, ಪ್ಲಂಬರ್ ಬಂದ. ವಾಷರ್ ಎಲ್ಲಿಂದ ತರುತ್ತಾನೆ? ನಮ್ಮ ಬೀದಿಯಲ್ಲಿ ಅಂಗಡಿ ತೆರೆಯಬಹುದಾ ಬೇಡವಾ ಅಂತ ಯಾರಿಗೂ ಖಚಿತ ಇರಲಿಲ್ಲ. ಶಟರ್ ಮೊಣಕಾಲೆತ್ತರಕ್ಕೆ ಎತ್ತಿ, ಕೆಳಗಿನಿಂದ ಒಂದು ಬಾಲ್ ವಾಲ್ವು, ಒಂದು ಟೆಫ್ಲಾನ್ ಟೇಪು ದಾಟಿಸಿದ್ದುಂಟು. ಗಿರಾಕಿಯ ಮುಖ ಕಾಣುವುದಿಲ್ಲ, ಚಪ್ಪಲಿ ನೋಡಿಯೇ ಯಾರು ಅಂತ ಹೇಳಬೇಕು.

ಆದರೆ ನಿಮಗೆ ಮುಖ್ಯವಾಗಿ ಹೇಳಬೇಕಾದ್ದು ಟಿಂಟಿಂಗ್ ಮೆಷಿನ್ ಬಗ್ಗೆ. ಬಣ್ಣ ಬೆರೆಸುವ ಆ ಯಂತ್ರವನ್ನು ದಿನಾ ಓಡಿಸುತ್ತಿರಬೇಕು. ಇಲ್ಲದಿದ್ದರೆ ನಾಜಲ್ ತುದಿಯಲ್ಲಿ ಕಲರೆಂಟ್, ಅಂದರೆ ಬೆರೆಸುವ ಗಟ್ಟಿ ಬಣ್ಣ, ಒಣಗಿ ಕಟ್ಟಿಕೊಳ್ಳುತ್ತದೆ. ಮೊದಲ ಲಾಕ್‌ಡೌನ್‌ನಲ್ಲಿ ನನಗೆ ಹೊಳೆಯಲೇ ಇಲ್ಲ. ಬಾಗಿಲು ತೆರೆದು ಮೊದಲ ಡಬ್ಬಕ್ಕೆ ತಿಳಿ ಹಳದಿ ಹೊಡೆದರೆ ಕೆಂಪು ಬೀಳಲೇ ಇಲ್ಲ, ನಿಂಬೆ ಬಣ್ಣ ಬಂತು. ಮೂರು ನಾಜಲ್ ಕಟ್ಟಿಕೊಂಡಿದ್ದವು. ರಿಪೇರಿಯವನು ಮೈಸೂರಿಂದ ಬರಬೇಕು, ಆಗ ಅವನು ಬರುವ ಹಾಗಿರಲಿಲ್ಲ. 2021ರಲ್ಲಿ ಬುದ್ಧಿ ಬಂದಿತ್ತು. ಮಗನನ್ನು ಎರಡು ದಿನಕ್ಕೊಮ್ಮೆ ಹಿಂದಿನ ಬಾಗಿಲಿನಿಂದ ಕಳಿಸಿ ಎಲ್ಲ ಬಣ್ಣವನ್ನೂ ಒಂದೊಂದು ತೊಟ್ಟು ಖಾಲಿ ಡಬ್ಬಕ್ಕೆ ಬಿಡಿಸುತ್ತಿದ್ದೆ.

ಸಿದ್ದಾಪುರದಿಂದ, ಹಳೇ ಅಂಗಡಿ:

ತಮ್ಮಾ, ನಿಮ್ಮ ಊರಿನ ಲೆಕ್ಕವೇ ಬೇರೆ. ಇಲ್ಲಿ ಭಾನುವಾರ ಸಂತೆ. ತೋಟದವರಿಗೆ ಬಟವಾಡೆ ಆಗಿ, ಲೈನ್‌ಮನೆಯವರೆಲ್ಲ (ತೋಟದ ಕೂಲಿಯವರ ಸಾಲುಮನೆಗಳವರು) ಭಾನುವಾರ ಪೇಟೆಗೆ ಇಳಿಯುತ್ತಾರೆ. ಕತ್ತಿ, ಟಾರ್ಚು, ಬಕೆಟ್, ಹಗ್ಗ, ಪ್ಲಾಸ್ಟಿಕ್ ಶೀಟು ಎಲ್ಲ ಆ ಒಂದೇ ದಿನ ಹೋಗಬೇಕು. ವಾರದ ಅರ್ಧ ವ್ಯಾಪಾರ ಅವತ್ತೇ.

2021ರ ಆಗಸ್ಟ್‌ನಲ್ಲಿ ಏನು ಮಾಡಿದರು ಗೊತ್ತಾ? ಕೇರಳ, ಮಹಾರಾಷ್ಟ್ರದ ಗಡಿ ಜಿಲ್ಲೆಗಳಿಗೆ ವಾರಾಂತ್ಯ ಕರ್ಫ್ಯೂ. ಶುಕ್ರವಾರ ರಾತ್ರಿ 9ರಿಂದ ಸೋಮವಾರ ಬೆಳಗ್ಗೆ 5ರವರೆಗೆ. ಕೊಡಗೂ ಅದರಲ್ಲಿತ್ತು. ಬೇರೆ ಕಡೆ ಅಂಗಡಿಯವರಿಗೆ ವಾರಕ್ಕೆ ಎರಡು ದಿನ ಹೋಯಿತು, ನಮಗೆ ವಾರವೇ ಹೋಯಿತು. ಕೈಲ್ ಮುಹೂರ್ತ ಸೆಪ್ಟೆಂಬರ್ 3ಕ್ಕೆ. ಹಬ್ಬಕ್ಕೆ ಕತ್ತಿ, ಕೋವಿ, ಗುದ್ದಲಿ ಎಲ್ಲ ಉಜ್ಜಿ ಪೂಜೆಗೆ ಇಡುತ್ತಾರೆ ಅಲ್ವಾ, ಅದಕ್ಕೆ ಎಮರಿ ಪೇಪರ್, ವಾರ್ನಿಶ್, ಹೊಸ ಹಿಡಿ ಎಲ್ಲ ತಂದಿಟ್ಟಿದ್ದೆ. ಕೊಳ್ಳುವವರು ಬರುವ ಭಾನುವಾರಗಳೇ ಇಲ್ಲ. ಸೋಮವಾರ ಬನ್ನಿ ಅಂದರೆ ತೋಟದ ಕೆಲಸ ಬಿಟ್ಟು ಯಾರು ಬರುತ್ತಾರೆ?

ಕೊನೆಗೆ ಮಾಲನ್ನೇ ತೋಟಕ್ಕೆ ಕೊಟ್ಟೆ. ಮೂರು ಎಸ್ಟೇಟಿನ ಮೇಸ್ತ್ರಿಗಳಿಗೆ, ಅಂದರೆ ಕೂಲಿಯವರನ್ನು ನೋಡಿಕೊಳ್ಳುವವರಿಗೆ, ಫೋನ್ ಮಾಡಿ, ಯಾರಿಗೆ ಏನು ಬೇಕು ಅಂತ ಚೀಟಿ ಬರೆಸಿ, ಬುಧವಾರ ಜೀಪಿನಲ್ಲಿ ಕಳಿಸಿದೆ. ಈಗಲೂ ಅದು ನಡೆಯುತ್ತಿದೆ. ನೀವೂ ಮೊದಲ ದಿನದಿಂದಲೇ ಮೇಸ್ತ್ರಿಗಳ ನಂಬರ್ ಬರೆದಿಟ್ಟುಕೊಳ್ಳಿ. ಸಾಲಕ್ಕಿಂತ ಅದು ಮೇಲು.

ಪೊನ್ನಂಪೇಟೆ ಕಡೆಯಿಂದ, ಕಾಫಿ ಬೆಳೆಗಾರ:

ನಾನು ಅಂಗಡಿಯವನಲ್ಲ, ಗಿರಾಕಿ. ಒಂದೇ ಮಾತು. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಮನೆಗೆ ಬಣ್ಣ ಆಗದಿದ್ದರೆ ಹೊಸ ಭತ್ತದ ಕದಿರು ಮನೆಯೊಳಗೆ ಬರುವುದಿಲ್ಲ ಅಂತೇನಿಲ್ಲ. 2020ರಲ್ಲಿ ನಾವು ಬಣ್ಣವನ್ನೇ ಬಿಟ್ಟೆವು. ಆದರೆ ಅದೇ ಹೊತ್ತಿಗೆ ಅರೇಬಿಕಾ ಹಣ್ಣಾಗುತ್ತದೆ. ಕೊಯ್ದದ್ದನ್ನು ಕಣದಲ್ಲಿ ಹರವಿದ ಮೇಲೆ ಮೋಡ ಕವಿದರೆ ಟಾರ್ಪಾಲು ಬೇಕೇ ಬೇಕು. ಫೆಬ್ರವರಿಯಲ್ಲಿ ರೊಬಸ್ಟಾ ಹೂವಿಗೆ ನೀರು ಹಾಯಿಸುವಾಗ ಸ್ಪ್ರಿಂಕ್ಲರ್ ಪೈಪಿನ ರಬ್ಬರ್ ರಿಂಗು ಹೋದರೆ ಆ ರಾತ್ರಿಯೇ ಬೇಕು. ನಾನು ರಾತ್ರಿ ಹತ್ತಕ್ಕೆ ಒಬ್ಬರ ಮನೆ ಬಾಗಿಲು ತಟ್ಟಿ ರಿಂಗು ತಂದಿದ್ದೇನೆ. ಇವತ್ತಿಗೂ ನಾನು ಬೇರೆ ಅಂಗಡಿಗೆ ಹೋಗುವುದಿಲ್ಲ.

ಕುಶಾಲನಗರದಿಂದ, ಸಿಮೆಂಟು ಮತ್ತು ಕಬ್ಬಿಣ:

ಹಬ್ಬ ಹಬ್ಬ ಅಂತ ಎಲ್ಲರೂ ಹೇಳುತ್ತಿದ್ದೀರಿ. ಕೊಡಗಿನಲ್ಲಿ ಹಾರ್ಡ್‌ವೇರ್‌ನವರ ದೊಡ್ಡ ಹಬ್ಬ ಮೇ ತಿಂಗಳು ಸ್ವಾಮಿ. ಮಳೆ ಹಿಡಿಯುವ ಮುಂಚೆ ಶೀಟು, ಜೆ ಹುಕ್ಕು, ಟಾರ್ಪಾಲು, ಗಟರ್ ಪೈಪು, ಸೋರುವ ಕಡೆಗೆ ಸಿಮೆಂಟು. 2018ರ ಆಗಸ್ಟ್‌ನ ಪ್ರವಾಹ, ಭೂಕುಸಿತ ನೋಡಿದವರು ಯಾರೂ ಮಳೆಯನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕೊರೋನಾದ ಎರಡು ವರ್ಷವೂ ಆ ಮೇ ತಿಂಗಳೇ ಹಾಳಾಯಿತು. 2021ರಲ್ಲಿ ಮೇ 10ರಿಂದ ಲಾಕ್‌ಡೌನ್, ಬೆಳಗ್ಗೆ 6ರಿಂದ 10ರವರೆಗೆ ಅಗತ್ಯ ವಸ್ತು ಮಾತ್ರ. ಜೂನ್ 14ಕ್ಕೆ ಹೆಚ್ಚಿನ ಜಿಲ್ಲೆಗಳಿಗೆ ಸಡಿಲ ಮಾಡಿದರು. ಕೊಡಗು ಸೇರಿ 11 ಜಿಲ್ಲೆಗೆ ಇಲ್ಲ, ಪಾಸಿಟಿವಿಟಿ ಜಾಸ್ತಿ ಅಂತ. ಅಷ್ಟರಲ್ಲಿ ಮಳೆ ಶುರುವಾಗುವ ಕಾಲವೂ ಬಂತು.

ಆದರೂ ಒಂದು ವ್ಯತ್ಯಾಸ ಗಮನಿಸಿ. ಬಾಗಿಲು ತೆರೆದ ದಿನವೇ ನನ್ನ ಟಾರ್ಪಾಲು ಖಾಲಿ. ಸೋರುವ ಮಾಡು ಹಾಗೇ ಇತ್ತಲ್ಲ! ಸೀರಿಯಲ್ ಲೈಟಿಗೆ ಆ ಭಾಗ್ಯ ಇಲ್ಲ. ಹಬ್ಬ ಮುಗಿದರೆ ಮುಂದಿನ ವರ್ಷವೇ.

ಸಿಮೆಂಟು ಮಾತ್ರ ಹುಷಾರು. ಮೂರು ತಿಂಗಳು ದಾಟಿದರೆ ಬಲ ಕಡಿಮೆಯಾಗುತ್ತದೆ, ನಮ್ಮ ಮಳೆಗಾಲದ ಥಂಡಿಯಲ್ಲಿ ಇನ್ನೂ ಬೇಗ. 2020ರಲ್ಲಿ ಕೆಳಗಿನ ಸಾಲಿನ ಚೀಲ ಮುಟ್ಟಿದರೆ ಕಲ್ಲು. ನೆಲದ ಮೇಲೆ ಇಟ್ಟಿದ್ದೆ, ಗೋಡೆಗೆ ತಾಗಿಸಿದ್ದೆ, ನನ್ನದೇ ತಪ್ಪು. ಹಲಗೆ ಹಾಕಿ, ಗೋಡೆಯಿಂದ ಒಂದಡಿ ಬಿಟ್ಟು ಜೋಡಿಸಿ. ಹಳೆಯದು ಮೊದಲು ಹೋಗಲಿ.

ಇನ್ನೊಂದು ತಮಾಷೆ. 2020ರ ಕೊನೆಯಿಂದ ಕಬ್ಬಿಣ, ಪಿವಿಸಿ, ತಾಮ್ರ ಎಲ್ಲದರ ದರ ಏರುತ್ತಾ ಹೋಯಿತು. ಮಾರಾಟವಾಗದೆ ಉಳಿದ ಪೈಪು, ವೈರು ಹಳೇ ದರದ್ದು. ಅದನ್ನು ಹೊಸ ದರಕ್ಕೆ ಮಾರಿ ಸಿಮೆಂಟಿನ ನಷ್ಟ ಸ್ವಲ್ಪ ತುಂಬಿಕೊಂಡೆ. ಜಾಣತನ ಅಂತ ಹೇಳಿಕೊಳ್ಳುವುದಿಲ್ಲ, ಸುಮ್ನೆ ಅದೃಷ್ಟ.

ಮಡಿಕೇರಿಯಿಂದ, ಪೇಂಟಿಂಗ್ ಕಾಂಟ್ರಾಕ್ಟರ್:

ನಾನು ಮಾಲು ಸಾಲಕ್ಕೆ ತಂದವನು, ಆದ್ದರಿಂದ ಆ ಕಡೆಯ ಕಥೆ. 2021ರ ಡಿಸೆಂಬರ್‌ನಲ್ಲಿ ಎರಡು ಹೋಂಸ್ಟೇ ಕೆಲಸ ಹಿಡಿದಿದ್ದೆ. ಹೊಸ ವರ್ಷಕ್ಕೆ ಬುಕಿಂಗ್ ಫುಲ್, ಬೇಗ ಮುಗಿಸಿ ಅಂದಿದ್ದರು. ಡಿಸೆಂಬರ್ 28ರಿಂದ ರಾತ್ರಿ 10ರ ಮೇಲೆ ಕರ್ಫ್ಯೂ, ಹೊಸ ವರ್ಷದ ಪಾರ್ಟಿ ಇಲ್ಲ. ಬುಕಿಂಗ್ ಕ್ಯಾನ್ಸಲ್. ಹೋಂಸ್ಟೇಯವರು ನನಗೆ ದುಡ್ಡು ನಿಲ್ಲಿಸಿದರು, ನಾನು ಅಂಗಡಿಯವರಿಗೆ ನಿಲ್ಲಿಸಿದೆ. ಜನವರಿಯಲ್ಲಿ ವಾರಾಂತ್ಯ ಕರ್ಫ್ಯೂ ಬೇರೆ ಬಂತು, ಆ ಸಲ ಸಂಕ್ರಾಂತಿಯೂ ಶನಿವಾರಕ್ಕೇ ಸಿಕ್ಕಿಬಿತ್ತು. ಅಂಗಡಿಯವರ ದುಡ್ಡು ತೀರಿಸಿದ್ದು ಮೇ ತಿಂಗಳಲ್ಲಿ. ಅವರು ಒಂದು ಮಾತೂ ಬೈಯಲಿಲ್ಲ, ಅದಕ್ಕೇ ನಾಚಿಕೆ ಜಾಸ್ತಿ ಆಯಿತು.

2020ರಲ್ಲಿ ಇನ್ನೂ ವಿಚಿತ್ರ. ಡಿಸೆಂಬರ್ 23ಕ್ಕೆ ರಾತ್ರಿ ಕರ್ಫ್ಯೂ ಅಂತ ಘೋಷಣೆ, 24ಕ್ಕೆ ವಾಪಸ್. ಆ ಒಂದು ದಿನದಲ್ಲಿ ಎಷ್ಟು ಜನ ಆರ್ಡರ್ ಬೇಡ ಅಂದರೋ.

ಗೋಣಿಕೊಪ್ಪದಿಂದ, ಲೆಕ್ಕಪತ್ರ ನೋಡುವವಳು:

ಬ್ಯಾಂಕ್ ಸಾಲದ ಬಗ್ಗೆ ಯಾರೂ ಹೇಳಲಿಲ್ಲ. 2020ರಲ್ಲಿ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತ್ತು. ಕಂತು ಮಾಫಿ ಅಂತಲೇ ಕೆಲವರು ತಿಳಿದರು. ಬಡ್ಡಿ ಓಡುತ್ತಲೇ ಇತ್ತು. ನನ್ನ ಹತ್ತಿರ ಬರುವ ಒಬ್ಬರು ಸೆಪ್ಟೆಂಬರ್‌ನಲ್ಲಿ ಪಾಸ್‌ಬುಕ್ ಹಿಡಿದು ಬಂದು, "ಅಕ್ಕ, ಅಸಲು ಹೇಗೆ ಜಾಸ್ತಿಯಾಯಿತು" ಅಂತ ಕೇಳಿದರು. ಏನು ಹೇಳುವುದು!

ಸಾಲ ತೆಗೆಯಬೇಡಿ ಅನ್ನುವುದಿಲ್ಲ. ರ‍್ಯಾಕು, ತಕ್ಕಡಿ, ಪೈಪು, ಫಿಟಿಂಗ್ಸ್‌ಗೆ ತೆಗೆಯಿರಿ. ಹಬ್ಬದ ಮಾಲಿಗೆ ಹೋಲ್‌ಸೇಲ್‌ನವರ ಹತ್ತಿರ, ಉಳಿದರೆ ವಾಪಸ್ ತೆಗೆದುಕೊಳ್ಳುತ್ತೀರಾ ಅಂತ ಮೊದಲೇ ಕೇಳಿ. ಬಾಯಿಮಾತು ಬೇಡ, ಬಿಲ್ಲಿನ ಮೇಲೆ ಬರೆಸಿ.

ಕೇಳಿದವರು, ಸಿದ್ದಾಪುರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಾವನಿಗೆ ಓದಿ ಹೇಳಿದೆ. ಮೇ ತಿಂಗಳ ಮಾತು ಬಂದಾಗ ಅವರು ಜೋರಾಗಿ ನಕ್ಕರು, "ಅದನ್ನೇ ನಾನೂ ಹೇಳಿದ್ದು" ಅಂತ. ಹೇಳಿರಲಿಲ್ಲ, ಇರಲಿ. ಈಗ ಸಾಲ ಅರ್ಧಕ್ಕೆ ಇಳಿಸಿದ್ದೇನೆ. ಸೀರಿಯಲ್ ಲೈಟ್ ಒಂದೇ ಪೆಟ್ಟಿಗೆ. ಟಿಂಟಿಂಗ್ ಮೆಷಿನ್ ಹಾಕಲಾ ಬೇಡವಾ ಅನ್ನುವುದು ಮಾತ್ರ ಗೊಂದಲ.

ವಿರಾಜಪೇಟೆಯಿಂದ, ಪೇಂಟು ಮತ್ತು ಹಾರ್ಡ್‌ವೇರ್ ಅಂಗಡಿ:

ಮೊದಲ ವರ್ಷ ಬೇಡ. ಬಿಳಿ, ಕ್ರೀಮು, ಕಾವಿ ಕೆಂಪು ರೆಡಿ ಡಬ್ಬ ಇಡಿ, ಲೈನ್‌ಮನೆಗೂ ದೇವಸ್ಥಾನಕ್ಕೂ ಅದೇ ಹೋಗುತ್ತದೆ. ಬೇರೆ ಬಣ್ಣ ಕೇಳಿದರೆ ಆ ಬಣ್ಣದ ನಂಬರ್ ಬರೆದು ನನಗೆ ಕಳಿಸಿ, ನಾನು ಬೆರೆಸಿ ಸಂಜೆ ಬಸ್ಸಿನಲ್ಲಿ ಹಾಕುತ್ತೇನೆ. ಡಬ್ಬದ ಮುಚ್ಚಳಕ್ಕೆ ಟೇಪು ಸುತ್ತಿರುತ್ತೇನೆ, ತೆಗೆಯುವಾಗ ಬಸ್ಸಿನಲ್ಲೇ ತೆಗೆದು ನೋಡಬೇಡಿ. ಒಬ್ಬರು ಹಾಗೆ ಮಾಡಿ ಕಂಡಕ್ಟರ್ ಪ್ಯಾಂಟಿಗೆ ಹಸಿರು ಬಳಿದಿದ್ದಾರೆ.