ಪದಚರ್ಚೆ: ಬಂಡೆಯ ‘ಶಿಥಿಲೀಕರಣ’ವೋ ‘ಸವೆತ’ವೋ?

ಮಾನ್ಯರೇ,

ಮಳೆನೀರು ಬಂಡೆಯನ್ನು ಕರಗಿಸುವ ಕ್ರಿಯೆಗೆ (ಇಂಗ್ಲಿಷಿನ ‘ಕೆಮಿಕಲ್ ವೆದರಿಂಗ್’) ಪ್ರದರ್ಶನದ ಫಲಕದಲ್ಲಿ ಯಾವ ಕನ್ನಡ ಪದ ಬಳಸಬೇಕೆಂದು ತಾವು ಕೇಳಿದ್ದೀರಿ. ಫಲಕ ನಾಳೆಯೇ ಅಚ್ಚಿಗೆ ಹೋಗಬೇಕೆಂದು ಬರೆದಿರುವುದರಿಂದ ಮೊದಲು ಉತ್ತರವನ್ನೇ ಹೇಳಿಬಿಡುತ್ತೇನೆ: ‘ರಾಸಾಯನಿಕ ಶಿಥಿಲೀಕರಣ’ ಎಂದೇ ಇರಲಿ. ಹಿಂದಿನ ಓಲೆಯಲ್ಲಿ ಸೂಚಿಸಿರುವ ‘ಸವೆತ’ ಇಲ್ಲಿ ಸಲ್ಲದು.

ಸವೆತವೆಂದರೆ ನೀರು, ಗಾಳಿ, ಹಿಮಗಳು ಕಲ್ಲುಮಣ್ಣನ್ನು ಉಜ್ಜಿ ಬೇರೆಡೆಗೆ ಒಯ್ಯುವುದು. ಅದು ಹೊಸ ಬಂಡೆಯನ್ನು ಬಯಲಿಗೆ ತಂದು ನೆರವಾಗುತ್ತದೆ, ನಿಜ. ಆದರೆ ಭೂಮಿಯ ಬಿಸಿಯನ್ನು ಹದದಲ್ಲಿಟ್ಟಿರುವ ಕೆಲಸ ಬೇರೆ, ಅದು ಶಿಥಿಲೀಕರಣದ್ದು. ಜ್ವಾಲಾಮುಖಿಗಳು ಉಗುಳಿದ, ಬಿಸಿಯನ್ನು ಹಿಡಿದಿಡುವ ಇಂಗಾಲದ ಡೈಆಕ್ಸೈಡ್ ಮಳೆನೀರಿನಲ್ಲಿ ಕರಗಿ ದುರ್ಬಲ ಆಮ್ಲವಾಗುತ್ತದೆ. ಆ ಆಮ್ಲವು ಸಿಲಿಕೇಟ್ ಬಂಡೆಯಿಂದ (ಸಿಲಿಕಾನ್, ಆಮ್ಲಜನಕಗಳು ಕೂಡಿದ ಖನಿಜಗಳ ಬಂಡೆ) ಬಿಡಿಸಿದ ಕ್ಯಾಲ್ಸಿಯಂ, ಇಂಗಾಲವನ್ನು ಹೊತ್ತ ಬೈಕಾರ್ಬನೇಟಿನೊಡನೆ ಹೊಳೆಗಳಲ್ಲಿ ಹರಿದು ಕಡಲು ಸೇರಿ, ಚಿಪ್ಪುಜೀವಿಗಳ ಮೈಯಲ್ಲಿ ಸುಣ್ಣವಾಗಿ, ಕೊನೆಗೆ ಸುಣ್ಣಕಲ್ಲಾಗಿ ತಳದಲ್ಲಿ ನಿಲ್ಲುತ್ತದೆ. ಕಡಲತಳದ ಭೂಫಲಕವು ಇನ್ನೊಂದರ ಅಡಿಗೆ ಜಾರಿದಾಗ ಆ ಇಂಗಾಲವೇ ಮತ್ತೆ ಜ್ವಾಲಾಮುಖಿಯಿಂದ ಹೊರಬರುತ್ತದೆ. ವಾತಾವರಣ ಬಿಸಿಯೇರಿದರೆ ಬಂಡೆಯ ಶಿಥಿಲೀಕರಣ ಚುರುಕಾಗಿ ಹೆಚ್ಚು ಇಂಗಾಲವನ್ನು ಸೆಳೆದುಕೊಳ್ಳುತ್ತದೆ, ತಣಿದರೆ ನಿಧಾನವಾಗುತ್ತದೆ ಎಂಬುದನ್ನು ವಿಜ್ಞಾನಿಗಳಾದ ವಾಕರ್, ಹೇಸ್ ಮತ್ತು ಕಾಸ್ಟಿಂಗ್ 1981ರಲ್ಲಿ ವಿವರಿಸಿದರು. ಎಳೆಯ ಸೂರ್ಯನ ಬೆಳಕು ಇಂದಿಗಿಂತ ಶೇ. 30ರಷ್ಟು ಕಡಿಮೆಯಿದ್ದ ಕಾಲದಿಂದಲೂ ಭೂಮಿಯ ಮೇಲೆ ನೀರು ನೀರಾಗಿಯೇ ಉಳಿದುಬಂದಿರುವುದಕ್ಕೆ ಇದೊಂದು ಮುಖ್ಯ ಕಾರಣ.

ನಮ್ಮ ಮಲೆನಾಡು, ಕರಾವಳಿಗಳ ಜಂಬಿಟ್ಟಿಗೆಯನ್ನೇ ನೋಡಿ. ಅದು ಎಲ್ಲಿಗೂ ಹೋಗಿಲ್ಲ. ನಿಂತಲ್ಲೇ ನಿಂತು, ತನ್ನ ಕ್ಯಾಲ್ಸಿಯಂ, ಸಿಲಿಕಾಗಳನ್ನು ಮಳೆಗೆ ಒಪ್ಪಿಸಿ, ಕಬ್ಬಿಣ ಮತ್ತು ಅಲ್ಯೂಮಿನಿಯಂಗಳನ್ನು ಉಳಿಸಿಕೊಂಡ ಬಂಡೆ ಅದು. ಅದನ್ನು ಸವೆದ ಕಲ್ಲೆಂದು ಯಾರೂ ಕರೆಯುವುದಿಲ್ಲ. ಈ ನಾಡನ್ನು ಸುತ್ತಿ ಸಮೀಕ್ಷೆ ನಡೆಸಿದ ಸ್ಕಾಟಿಷ್ ವೈದ್ಯ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಇದಕ್ಕೆ ಲ್ಯಾಟಿನ್ನಿನ ‘ಇಟ್ಟಿಗೆ’ಯಿಂದಲೇ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ನಮ್ಮ ಪದದಲ್ಲೂ ಇಟ್ಟಿಗೆಯೇ ಇದೆ.

‘ಶಿಥಿಲ’ ಸಂಸ್ಕೃತವಾದ್ದರಿಂದ ಬೇಡವೆಂಬ ವಾದವನ್ನು ನಾನು ಒಪ್ಪುವುದಿಲ್ಲ. ದಿನನಿತ್ಯ ನಾವಾಡುವ ‘ಸಡಿಲ’ ಅದರ ತದ್ಭವವೇ. ಮನೆಯೊಳಗೆ ಬಂದು ನೆಲೆಸಿದ ಪದದ ಹಿರಿಯನನ್ನು ಬಾಗಿಲಲ್ಲಿ ತಡೆಯುವುದು ಭಾಷಾಪ್ರೇಮವಲ್ಲ. ಶಾಲೆಯ ಪುಸ್ತಕಗಳಿಂದ ಮಕ್ಕಳಿಗೆ ಪರಿಚಿತವಾದ ಪದವನ್ನು ಬಿಟ್ಟು ಒಂದು ಫಲಕಕ್ಕಾಗಿ ಹೊಸದನ್ನು ಕಟ್ಟುವುದೂ ಬೇಡ.

ಪದದ ಕೆಳಗೆ ಹೀಗೆ ಬರೆಯಬಹುದು: ‘ಮಳೆನೀರು ಗಾಳಿಯ ಇಂಗಾಲವನ್ನು ಹೊತ್ತು ತಂದು ಬಂಡೆಯನ್ನು ನಿಧಾನವಾಗಿ ಕರಗಿಸುವ ಕ್ರಿಯೆ.’ ಪಕ್ಕದಲ್ಲಿ ಜಂಬಿಟ್ಟಿಗೆಯ ಒಂದು ತುಂಡನ್ನು ಇಡಿಸಿ.