ಲೆಕ್ಕ ತಾಳೆಯಾಗದಿದ್ದಾಗ ಮೇಜು ಬಿಟ್ಟು ಏಳುವುದು ಸರಿಯೇ?

ಪ್ರಶ್ನೆ: ಲೆಕ್ಕಿಗ, ಕಾಪು

ನಾನು ಉಡುಪಿ ಜಿಲ್ಲೆಯ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಸದಸ್ಯರ ಸಾಲದ ಖಾತೆಗಳ ಒಟ್ಟು ಮೊತ್ತಕ್ಕೂ ಜನರಲ್ ಲೆಡ್ಜರಿನ (ಸಂಘದ ಮುಖ್ಯ ಲೆಕ್ಕಪುಸ್ತಕದ) ಶಿಲ್ಕಿಗೂ 2,700 ರೂಪಾಯಿ ವ್ಯತ್ಯಾಸ ಬರುತ್ತಿದೆ. ಮೂರು ದಿನಗಳಿಂದ ಅವೇ ವೋಚರುಗಳನ್ನು ಅದೇ ಕ್ರಮದಲ್ಲಿ, ಕೆಂಪು ಪೆನ್ಸಿಲಿನಿಂದ ಗುರುತು ಹಾಕುತ್ತ ನೋಡಿದ್ದೇನೆ; ಗುರುತಿನ ಮೇಲೆ ಗುರುತು ಬಿದ್ದು ಕೆಲವು ಅಂಕಿಗಳು ಮಸುಕಾಗಿವೆ. ಹಿರಿಯ ಸಹೋದ್ಯೋಗಿಯೊಬ್ಬರು ಸ್ವಲ್ಪ ಹೊರಗೆ ಹೋಗಿ ಬರುವಂತೆ ಹೇಳುತ್ತಾರೆ. ಆದರೆ ಕೆಲಸ ಮುಗಿಯದೆ ಏಳುವುದು ಜವಾಬ್ದಾರಿಯಿಂದ ನುಣುಚಿಕೊಂಡಂತೆ ನನಗೆ ತೋರುತ್ತದೆ. ಹೀಗೆ ದೂರ ಸರಿಯುವುದರಿಂದ ನಿಜವಾಗಿಯೂ ಪ್ರಯೋಜನವಿದೆಯೇ? ಕೆಲಸವನ್ನು ಮುಂದೂಡುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಉತ್ತರ: ನಿವೃತ್ತ ಬ್ಯಾಂಕ್ ನೌಕರ, ಮಂಗಳೂರು

ಮೊದಲು ಒಂದು ವಿಷಯ ಗಮನಿಸಿ: 2,700 ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದಾಗ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರ ಗುಣಕವೇ ಆಗಿರುತ್ತದೆ. ಆದ್ದರಿಂದ 4,100 ಇರಬೇಕಾದಲ್ಲಿ 1,400 ಎಂದೋ, 6,300 ಇರಬೇಕಾದಲ್ಲಿ 3,600 ಎಂದೋ ಬಿದ್ದಿರುವ ಸಾಧ್ಯತೆಯನ್ನು ಪರಿಶೀಲಿಸಿ. ಇಂತಹ ತಪ್ಪು ಬರೆದವರ ಕಣ್ಣಿಗೆ ಬೀಳುವುದು ಬಹಳ ಕಷ್ಟ, ಏಕೆಂದರೆ ಕಣ್ಣು ಕಾಗದದ ಮೇಲಿರುವುದನ್ನು ಬಿಟ್ಟು ಮನಸ್ಸಿನಲ್ಲಿರುವುದನ್ನೇ ಓದುತ್ತದೆ. ನಮ್ಮ ಕಾಲದಲ್ಲಿ ಒಬ್ಬರು ವೋಚರ್ ಓದುತ್ತಿದ್ದರು, ಇನ್ನೊಬ್ಬರು ಲೆಡ್ಜರಿನಲ್ಲಿ ಗುರುತು ಹಾಕುತ್ತಿದ್ದರು. ಜೊತೆಗೆ ಯಾರೂ ಸಿಗದಿದ್ದರೆ ಕೊನೆಯ ವೋಚರಿನಿಂದ ಹಿಮ್ಮುಖವಾಗಿ ಬನ್ನಿ. ದೂರ ಸರಿಯುವುದೆಂದರೆ ಹೊರಗೆ ಹೋಗುವುದು ಮಾತ್ರವಲ್ಲ, ನೋಡುವ ದಿಕ್ಕನ್ನು ಬದಲಿಸುವುದೂ ಹೌದು.

ಉತ್ತರ: ಮನಶ್ಶಾಸ್ತ್ರದ ಅಧ್ಯಾಪಕಿ, ಮಣಿಪಾಲ

ಮೇಲಿನ ಹಿರಿಯರು ಹೇಳಿದ್ದಕ್ಕೆ ಆಧಾರವಿದೆ. 1942ರಲ್ಲಿ ಮನಶ್ಶಾಸ್ತ್ರಜ್ಞ ಅಬ್ರಹಾಂ ಲೂಚಿನ್ಸ್ ಪ್ರಕಟಿಸಿದ ನೀರಿನ ಪಾತ್ರೆಗಳ ಪ್ರಯೋಗವನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಮಾಡಿಸುತ್ತೇನೆ. 21, 127 ಮತ್ತು 3 ಅಳತೆಯ ಪಾತ್ರೆಗಳಿಂದ 100 ಅಳತೆ ನೀರು ಪಡೆಯಬೇಕಾದರೆ, ದೊಡ್ಡ ಪಾತ್ರೆಯನ್ನು ತುಂಬಿ, ಅದರಿಂದ ಮೊದಲನೆಯ ಪಾತ್ರೆಯಲ್ಲಿ ಒಮ್ಮೆ, ಮೂರನೆಯದರಲ್ಲಿ ಎರಡು ಬಾರಿ ನೀರು ತೆಗೆಯಬೇಕು. ಇದೇ ಬಗೆಯ ಹಲವು ಲೆಕ್ಕಗಳನ್ನು ಬಿಡಿಸಿದವರಿಗೆ 23, 49 ಮತ್ತು 3ರಿಂದ 20 ಪಡೆಯಲು ಹೇಳಿದರೆ, ಹೆಚ್ಚಿನವರು ಅದೇ ಸುತ್ತುದಾರಿಯನ್ನು ಹಿಡಿಯುತ್ತಾರೆ. 23ರಿಂದ 3 ಕಳೆದರೆ ಸಾಕೆಂಬುದು ಅವರಿಗೆ ಹೊಳೆಯುವುದಿಲ್ಲ. ಹಿಂದಿನ ಲೆಕ್ಕಗಳನ್ನು ಮಾಡದೆ ಬಂದವರಿಗೆ ಮಾತ್ರ ಅದು ಸುಲಭವಾಗಿ ಕಾಣುತ್ತದೆ. ಮೂರು ದಿನ ಒಂದೇ ಕ್ರಮದಲ್ಲಿ ನೋಡಿದ ನಿಮಗೆ ಆಗಿರುವುದೂ ಇದೇ. ಇದನ್ನು ದಯವಿಟ್ಟು ನಿಮ್ಮ ಅಸಾಮರ್ಥ್ಯವೆಂದು ತಿಳಿಯಬೇಡಿ.

ಮುಂದೂಡುವುದಕ್ಕಿಂತ ಇದು ಹೇಗೆ ಬೇರೆ ಎಂಬುದಕ್ಕೆ ಗಣಿತಜ್ಞ ಆನ್ರಿ ಪ್ವಾಂಕರೆ 1908ರಲ್ಲಿ ಪ್ಯಾರಿಸ್ಸಿನ ಉಪನ್ಯಾಸವೊಂದರಲ್ಲಿ ಹೇಳಿದ ಸ್ವಂತ ಅನುಭವವೇ ಉತ್ತರ. ಫ್ರಾನ್ಸಿನ ಕಾನ್ ನಗರದಿಂದ ಭೂವಿಜ್ಞಾನದ ಪ್ರವಾಸಕ್ಕೆ ಹೊರಟಿದ್ದ ಅವರಿಗೆ, ಕುಟಾನ್ಸ್‌ನಲ್ಲಿ ಬಂಡಿಯ ಮೆಟ್ಟಿಲಿಗೆ ಕಾಲಿಡುತ್ತಿದ್ದಂತೆ ಅವರು ಕಂಡುಕೊಂಡಿದ್ದ ಹೊಸ ಫಲನಗಳ (ಗಣಿತದ ಫಂಕ್ಷನ್‌ಗಳ) ಬಗ್ಗೆ ಮುಖ್ಯವಾದ ಹೊಳಹೊಂದು ಬಂತು. ಆದರೆ ಅದಕ್ಕೆ ಮುಂಚೆ ಅವರು ಆ ವಿಷಯದಲ್ಲಿ ದಿನಗಟ್ಟಲೆ ದುಡಿದಿದ್ದರು ಮತ್ತು ಊರಿಗೆ ಮರಳಿದ ಮೇಲೆ ಕುಳಿತು ಅದನ್ನು ಪರಿಶೀಲಿಸಿದರು. ನೀವು ಮೂರು ದಿನ ದುಡಿದಿದ್ದೀರಿ. ಎಷ್ಟು ಹೊತ್ತಿಗೆ ಮರಳಿ ಬಂದು ಯಾವ ಪುಟದಿಂದ ಆರಂಭಿಸುತ್ತೀರೆಂದು ಬರೆದಿಟ್ಟು ಎದ್ದರೆ ಅದನ್ನು ನುಣುಚಿಕೊಳ್ಳುವುದೆಂದು ಯಾರೂ ಹೇಳಲಾರರು.

ಉತ್ತರ: ಸಾಫ್ಟ್‌ವೇರ್ ಉದ್ಯೋಗಿ, ಮಂಗಳೂರು

ಎದ್ದು ಹೋಗುವಾಗ ಮೊಬೈಲನ್ನು ಮೇಜಿನ ಮೇಲೆಯೇ ಬಿಡಿ. ನಾನು ಸುಲ್ತಾನ್ ಬತ್ತೇರಿಯ ಬಳಿ ಗುರುಪುರ ನದಿಯ ದಡದಲ್ಲಿ ಅರ್ಧ ಗಂಟೆ ನಿಂತು, ಆಚೆಯ ತಣ್ಣೀರುಬಾವಿಗೆ ಹೋಗುವ ದೋಣಿಗಳನ್ನು ನೋಡಿ ಬಂದ ದಿನಗಳಲ್ಲಿ ಕೆಲಸ ಮುಂದುವರಿದಿದೆ. ಕಚೇರಿಯ ಮೆಟ್ಟಿಲ ಮೇಲೆ ಕುಳಿತು ಮೊಬೈಲ್ ನೋಡಿದ ದಿನಗಳಲ್ಲಿ ದಣಿವು ಹೆಚ್ಚಿದೆಯೇ ಹೊರತು ಬೇರೇನೂ ಆಗಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನಿನ್ನೆ ಸಂಜೆ ದೀಪಸ್ತಂಭದವರೆಗೆ ನಡೆದು ಬಂದೆ. ಅಲ್ಲಿ ಏನೂ ಹೊಳೆಯಲಿಲ್ಲ. ಇಂದು ಬೆಳಗ್ಗೆ ಕೊನೆಯಿಂದ ಹಿಮ್ಮುಖವಾಗಿ ನೋಡುತ್ತ ಬಂದಾಗ, ಸಾಲದ ಕಂತೊಂದರ ವೋಚರಿನಲ್ಲಿ 5,200 ಇದ್ದದ್ದು ಸದಸ್ಯರ ಖಾತೆಯಲ್ಲಿ 2,500 ಎಂದು ನನ್ನದೇ ಕೈಬರಹದಲ್ಲಿ ಸಿಕ್ಕಿತು. ಅದರ ಪಕ್ಕದಲ್ಲಿ ಮೂರು ಕೆಂಪು ಗುರುತುಗಳಿದ್ದವು.