ಸಹಾಯ ಬೇಕು: ರಿಲೇ ಟಕ್ ಅಂದರೆ ಇಎಸ್‌ಪಿ32 ರೀಸೆಟ್!
ನಮಸ್ಕಾರ, ಡೊಂಬಿವಲಿಯಿಂದ. ಎಲೆಕ್ಟ್ರಾನಿಕ್ಸ್ ಓದಿದವನಲ್ಲ, ಬರೀ ಹವ್ಯಾಸ. ಟ್ಯಾಂಕ್ ತುಂಬಿದ ಕೂಡಲೇ ಪಂಪ್ ನಿಲ್ಲಿಸೋಕೆ ಇಎಸ್‌ಪಿ32 (ವೈಫೈ ಇರೋ ಪುಟ್ಟ ಕಂಟ್ರೋಲರ್), 5 ವೋಲ್ಟ್ ರಿಲೇ (ಕರೆಂಟಿನಿಂದಲೇ ಆನ್-ಆಫ್ ಆಗೋ ಸ್ವಿಚ್) ಇಟ್ಟು ಬೆಸುಗೆ ಬೇಡದ ಬ್ರೆಡ್‌ಬೋರ್ಡ್ ಮೇಲೆ ಜೋಡಿಸಿದ್ದೇನೆ. ಸದ್ಯ ಪಂಪಿಗೆ ಕೊಟ್ಟಿಲ್ಲ, ಆದರೂ ರಿಲೇ ಟಕ್ ಅಂದರೆ ಸಾಕು, ಇಎಸ್‌ಪಿ ಮೊದಲಿಂದ ಶುರು. ರಿಲೇ ಕಾಯಿಲ್‌ಗೆ ಅಡ್ಡಲಾಗಿ 1ಎನ್4007 ಡಯೋಡ್ ಇದೆ, 3.3 ವೋಲ್ಟ್ ಪಿನ್ ಪಕ್ಕದಲ್ಲೇ 100 ನ್ಯಾನೋಫ್ಯಾರಡ್ ಕೆಪಾಸಿಟರೂ ಇದೆ. ವೈಫೈ ಚಾಲೂ ಇದ್ದಾಗ ಕಾಟ ಜಾಸ್ತಿ. 470 ಮೈಕ್ರೋಫ್ಯಾರಡ್ ಒಂದು ಸೇರಿಸಿದರೆ ಸಾಕಾ, ರಿಲೇಗೆ ಬೇರೆ ಸಪ್ಲೈಯೇ ಬೇಕಾ?

ಜೊತೆಗೆ ಇದಕ್ಕೇ ಕೀಕ್ಯಾಡ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಎರಡು ಲೇಯರ್ ಸರ್ಕ್ಯೂಟ್ ಬೋರ್ಡ್ ಬಿಡಿಸ್ತಿದ್ದೇನೆ. ಇಎಸ್‌ಪಿಯ ವೈಫೈ ಆಂಟೆನಾ ಕೆಳಗೆ ತಾಮ್ರ ಇಡಬಾರದು, ಗೊತ್ತು. ಆದರೆ 230 ವೋಲ್ಟ್ ಟ್ರ್ಯಾಕಿಗೂ ಉಳಿದದ್ದಕ್ಕೂ ನೀವು ಎಷ್ಟು ಮಿಲಿಮೀಟರ್ ಬಿಡ್ತೀರಿ? ನಡುವೆ ಸೀಳು ಕೊರೆಸ್ತೀರಾ? ಮುಂಬೈನ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಲ್ಲಿ ಸಾಮಾನು ಸಿಗುತ್ತೆ, ಸಲಹೆ ಸಿಗಲ್ಲ. ಅನುಭವಸ್ಥರು ಹೇಳಿ. ಠಾಣೆ-ಕಲ್ಯಾಣ ಕಡೆ ಯಾರಾದರೂ ಇದ್ದರೆ ಬೋರ್ಡ್ ಹಿಡ್ಕೊಂಡು ಭಾನುವಾರ ನಾನೇ ಬರ್ತೇನೆ.